ನಾಲ್ಕು ತಾಲ್ಲೂಕು, ಎರಡು ಚಕ್ರ

ಮಗನು ಪದವಿ ತರಗತಿಗೆ ಸೇರಿದ ವರ್ಷ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ. ಅದು ಪಠ್ಯವಿಷಯದ ಪ್ರಶ್ನೆಯಲ್ಲ, ಹಾಸ್ಟೆಲಿನ ಪ್ರಶ್ನೆಯೂ ಅಲ್ಲ. ಮೋಟಾರು ಸೈಕಲ್ಲಿನ ಪ್ರಶ್ನೆ. ತಾಯಿ ಮೊದಲ ಮಾತಿಗೇ ಬೇಡವೆನ್ನುತ್ತಾಳೆ. ತಂದೆ "ನೋಡೋಣ" ಎಂದು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾನೆ. ಅಜ್ಜಿ ಮನೆದೇವರಿಗೆ ಹರಕೆ ಹೊರುತ್ತಾಳೆ. ತಂಗಿಯೊಬ್ಬಳು ಮಾತ್ರ, ಹಿಂದಿನ ಆಸನ ತನಗೇ ಮೀಸಲೆಂಬ ಕರಾರಿನ ಮೇಲೆ, ಅಣ್ಣನ ಪಕ್ಷ ವಹಿಸುತ್ತಾಳೆ. ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಎಷ್ಟು ಸಿ.ಸಿ., ಎಷ್ಟು ವೇಗ, ಲೀಟರಿಗೆ ಎಷ್ಟು ಕಿಲೋಮೀಟರು, ತಿಂಗಳ ಕಂತು ಎಷ್ಟು ಎಂಬ ಲೆಕ್ಕಗಳೆಲ್ಲ ಬರುತ್ತವೆ. ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ: ಈ ವಾಹನ ಎಷ್ಟು ದೂರದಲ್ಲಿ ನಿಲ್ಲುತ್ತದೆ?

ಪ್ರಶ್ನೆ ಚಿಕ್ಕದಾದರೂ ಅದರ ಹಿಂದಿರುವ ಅಂಕಿ ಚಿಕ್ಕದಲ್ಲ. ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಮಿಕ್ಕು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆಯೇ 50,029. ನಾಗಮಂಗಲ, ಪಾಂಡವಪುರ ಈ ಎರಡು ಪಟ್ಟಣಗಳ 2011ರ ಜನಸಂಖ್ಯೆಯನ್ನು ಕೂಡಿಸಿದರೂ ಆ ಸಂಖ್ಯೆಯನ್ನು ಮುಟ್ಟಲಾರದು. ಒಂದೇ ವರ್ಷದಲ್ಲಿ ಎರಡು ಪಟ್ಟಣಗಳು ಬರಿದಾದಂತೆ!

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಗೇರಿನ ಗೊಡವೆ ಏಕೆಂದು ಓದುಗರು ಕೇಳಬಹುದು. ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕಾಲೇಜಿನ ಆವರಣದಲ್ಲಿ ಸಾಲುಗಟ್ಟಿ ನಿಲ್ಲುವ ವಾಹನಗಳನ್ನು ಕಂಡವರಿಗೆ ಆ ಸಂದೇಹ ಉಳಿಯದು. ಹಳಗನ್ನಡದ ಒಂದು ಪದ್ಯಕ್ಕೆ ಅರ್ಥ ಹೇಳಲು ತಡವರಿಸುವ ಹುಡುಗ ತನ್ನ ವಾಹನದ ಎಂಜಿನ್ನಿನ ವಿವರಗಳನ್ನು ನಿರರ್ಗಳವಾಗಿ ಒಪ್ಪಿಸುತ್ತಾನೆ. ಪೋಷಕರ ಸಭೆಯಲ್ಲಿ ತಂದೆತಾಯಿಗಳು ಅಂಕಪಟ್ಟಿಯನ್ನು ನೋಡಿ ಮುಗಿಸಿ, ಮೆಲ್ಲನೆ, "ಗಾಡಿ ಕೊಡಿಸಬಹುದೇ ಸಾರ್?" ಎಂದು ಕೇಳುವುದುಂಟು. ಪರೀಕ್ಷಿಸದೆ ಅಂಕ ಕೊಡುವುದು ನಮ್ಮ ವೃತ್ತಿಧರ್ಮವಲ್ಲ. ಆದ್ದರಿಂದ ಪುಷ್ಯಮಾಸದ ಒಂದು ಭಾನುವಾರ, ಮೈಸೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ವಾಹನವನ್ನು ಕೇಳಿ ಪಡೆದು, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳನ್ನು ಒಂದು ಸುತ್ತು ಹಾಕಿ ಬಂದೆ. ಕಬ್ಬಿನ ಕಟಾವು ನಡೆದಿರುವ, ರಾಗಿ ಹುರುಳಿಗಳ ಒಕ್ಕಣೆ ಮುಗಿಯದಿರುವ ಈ ಕಾಲವೇ ಎರಡು ಚಕ್ರದ ವಾಹನಕ್ಕೆ ತಕ್ಕ ಪರೀಕ್ಷಾಕಾಲ.

ಕವಚ ಕಳಚಿದ ಕರ್ಣ

ವಾಹನದ ವಿಷಯವನ್ನು ಮೊದಲು ಹೇಳುತ್ತೇನೆ. ಇಂದಿನ ತರುಣರು 'ನೇಕೆಡ್' ಎಂದು ಕರೆಯುವ ವರ್ಗಕ್ಕೆ ಇದು ಸೇರಿದ್ದು. ಹೆಸರನ್ನು ಕೇಳಿ ಹಿರಿಯರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಪಂದ್ಯದ ಮೋಟಾರು ಸೈಕಲ್ಲುಗಳಿಗೆ ಗಾಳಿಯನ್ನು ಸೀಳಲೆಂದು ಮುಂಭಾಗದಲ್ಲಿಯೂ ಇಕ್ಕೆಲಗಳಲ್ಲಿಯೂ ಒಂದು ಹೊದಿಕೆಯನ್ನು ತೊಡಿಸಿರುತ್ತಾರೆ. ಆ ಹೊದಿಕೆಯಿಲ್ಲದೆ ಎಂಜಿನ್ನು, ಚೌಕಟ್ಟು, ಕೊಳವೆಗಳೆಲ್ಲ ಹೊರಗೆ ಕಾಣುವಂತಿದ್ದರೆ ಅದು ನೇಕೆಡ್. ಕವಚ ಕುಂಡಲಗಳನ್ನು ಕಳಚಿಕೊಟ್ಟ ಕರ್ಣನೆನ್ನಬಹುದು: ಬಲಕ್ಕೆ ಕೊರತೆಯಿಲ್ಲ, ರಕ್ಷಣೆಗೆ ಮಾತ್ರ ಕೊರತೆ. ಸವಾರನು ಇದರಲ್ಲಿ ಪಂದ್ಯದವರಂತೆ ಪೂರ್ತಿ ಬಾಗಿ ಮಲಗಬೇಕಾಗಿಲ್ಲ. ಬಹುಮಟ್ಟಿಗೆ ನೆಟ್ಟಗೆ ಕುಳಿತು ಸುತ್ತಲನ್ನು ನೋಡಬಹುದು. ಪೇಟೆಯ ಓಡಾಟಕ್ಕೆ ಇದೇ ಅನುಕೂಲ.

ಕಂಪನಿಯ ಹೆಸರು ಇಲ್ಲಿ ಅನಗತ್ಯ. ಈ ವರ್ಗದ ವಾಹನಗಳನ್ನು ಹಲವು ಕಂಪನಿಗಳು ತಯಾರಿಸುತ್ತಿವೆ. ಗುಣದೋಷಗಳೂ ಬಹುಮಟ್ಟಿಗೆ ಸಮಾನ. ನಾನು ಸವಾರಿ ಮಾಡಿದ್ದು 155 ಸಿ.ಸಿ.ಯದು. ಒಂದೇ ಸಿಲಿಂಡರು, ನೀರಿನಿಂದ ತಂಪಾಗುವ ಎಂಜಿನ್ನು, ಹದಿನೆಂಟು ಅಶ್ವಶಕ್ತಿ, ಆರು ಗೇರು, ಹತ್ತು ಲೀಟರಿನ ಟ್ಯಾಂಕು. ಪೆಟ್ರೋಲು ತುಂಬಿದಾಗಲೂ ತೂಕ ಸುಮಾರು 140 ಕಿಲೋಗ್ರಾಂ. ಹೋಲಿಕೆಗಾಗಿ ಹೇಳುವುದಾದರೆ, 1985ರಿಂದ 1996ರವರೆಗೆ ನಮ್ಮ ತರುಣರ ಹೃದಯವನ್ನು ಸೂರೆಗೊಂಡಿದ್ದ ಆರ್‌ಎಕ್ಸ್ 100 ವಾಹನಕ್ಕೆ 98 ಸಿ.ಸಿ., ಹನ್ನೊಂದು ಅಶ್ವಶಕ್ತಿ, 103 ಕಿಲೋಗ್ರಾಂ ತೂಕ. ತೂಕ ಮೂರನೆಯ ಒಂದು ಭಾಗದಷ್ಟು ಏರಿದೆ. ಬಲ ಅದಕ್ಕಿಂತ ಹೆಚ್ಚಾಗಿ ಏರಿದೆ. ಆದರೆ ನಿಜವಾದ ಅಂತರವಿರುವುದು ಬಲದಲ್ಲಲ್ಲ, ಬ್ರೇಕಿನಲ್ಲಿ. ಆ ಮಾತು ಮುಂದೆ ಬರುತ್ತದೆ.

ಶ್ರೀರಂಗಪಟ್ಟಣದ ಓಣಿಗಳಲ್ಲಿ

ಬೆಂಗಳೂರು ಮೈಸೂರು ನಡುವಿನ ದಶಪಥ ಹೆದ್ದಾರಿ 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರಗಳಿಗೆ ಪ್ರವೇಶ ನಿಷೇಧವಾಯಿತು. ತರುಣರು ಇದನ್ನು ಅಪಮಾನವೆಂದು ಭಾವಿಸುವುದುಂಟು. ಅಪಮಾನವೇನೂ ಇಲ್ಲ. ಲಾರಿ ಬಸ್ಸುಗಳು ನೂರರ ವೇಗದಲ್ಲಿ ಹಾಯುವಾಗ ಪಕ್ಕದಲ್ಲಿ 140 ಕಿಲೋಗ್ರಾಮಿನ ವಾಹನ ಗಾಳಿಯ ಹೊಡೆತಕ್ಕೇ ಓಲಾಡುತ್ತದೆ. ಪಕ್ಕದ ಸೇವಾರಸ್ತೆಯಲ್ಲಿ ಕಬ್ಬಿನ ಹಾಲಿನ ಅಂಗಡಿಗಳನ್ನೂ ಎಳನೀರ ರಾಶಿಗಳನ್ನೂ ನೋಡುತ್ತ, ಇಬ್ಬನಿಯಲ್ಲಿ ನೆನೆದು ಶ್ರೀರಂಗಪಟ್ಟಣವನ್ನು ಮುಟ್ಟಿದಾಗ ಗಂಟೆ ಏಳೂವರೆ.

ಇಲ್ಲಿನದು ಮೊದಲ ಪರೀಕ್ಷೆ, ಓಟದ್ದಲ್ಲ, ತೆವಳುವುದರದು. ವೇಗವಾಗಿ ಹೋಗುವಾಗ ಯಾವ ಮೋಟಾರು ಸೈಕಲ್ಲಾದರೂ ತನ್ನಷ್ಟಕ್ಕೆ ತಾನು ನೆಟ್ಟಗೆ ನಿಲ್ಲುತ್ತದೆ. ವಾಹನದ ಹದವೂ ಸವಾರನ ಕೈಯೂ ಗೊತ್ತಾಗುವುದು ಮನುಷ್ಯನ ನಡಿಗೆಯ ವೇಗದಲ್ಲಿ. ಕೋಟೆಯೊಳಗಿನ ಓಣಿಗಳಲ್ಲಿ ರಂಗನಾಥಸ್ವಾಮಿಯ ದರ್ಶನಕ್ಕೆ ಬಂದ ಯಾತ್ರಿಕರ ಗುಂಪು, ಹೂವಿನ ಬುಟ್ಟಿ, ಅಡ್ಡ ಮಲಗಿದ ದನ, ಹಿಂದೆ ಸರಿಯುತ್ತಿರುವ ಪ್ರವಾಸಿ ಬಸ್ಸು ಎಲ್ಲವೂ ಏಕಕಾಲಕ್ಕೆ ಎದುರಾದವು. ಕ್ಲಚ್ಚು ಎರಡೇ ಬೆರಳಿಗೆ ಮಣಿಯಿತು. ಕಾಲನ್ನು ನೆಲಕ್ಕೆ ಊರದೆ, ದಾರಿಯ ಮಧ್ಯೆ ಕುಳಿತು ಗೊಂಬೆ ಮಾರುತ್ತಿದ್ದವಳ ಸುತ್ತ ಅರ್ಧಚಂದ್ರಾಕಾರವಾಗಿ ತಿರುಗಿಸಿಕೊಂಡು ಬರಲು ಸಾಧ್ಯವಾಯಿತು. ಹಗುರತನದ ಮೊದಲ ಫಲ ಇದು. ವಾಹನ ಒಂದು ಪಕ್ಕಕ್ಕೆ ವಾಲಿದರೆ ಸಾಧಾರಣ ಮೈಕಟ್ಟಿನ ಹುಡುಗನೂ ಅದನ್ನು ಹಿಡಿದು ನಿಲ್ಲಿಸಬಲ್ಲ. ಆದರೆ ಆಸನದ ಎತ್ತರ ಮೂವತ್ತೆರಡು ಅಂಗುಲದಷ್ಟಿದೆ. ಐದಡಿ ಮೂರಂಗುಲಕ್ಕಿಂತ ಗಿಡ್ಡನಾದವನು ಮುಂಗಾಲಿನ ಮೇಲೆ ನಿಲ್ಲಬೇಕಾಗುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲಿ ಒಮ್ಮೆ ಎರಡು ಪಾದಗಳನ್ನೂ ನೆಲಕ್ಕೆ ಊರಿ ನೋಡುವುದು ಮೇಲು.

ಪಟ್ಟಣದ ಉತ್ತರಕ್ಕೆ ಕಾವೇರಿಯ ಮೇಲೆ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯಿದೆ. ಅದರ ಕಲ್ಲಿನ ಕಂಬಗಳು ಎಷ್ಟೋ ಪ್ರವಾಹಗಳನ್ನು ಕಂಡಿವೆ. ಆ ಕಂಬಗಳನ್ನು ನೋಡುವಾಗ ನಮ್ಮ ಹಿರಿಯರ ಒಂದು ನಂಬಿಕೆ ನೆನಪಾಯಿತು: ಭಾರವಿದ್ದರೇ ಬಾಳಿಕೆ, ಭಾರವಿದ್ದರೇ ರಸ್ತೆಯ ಹಿಡಿತ. ಸೇತುವೆಗೆ ಒಪ್ಪುವ ಮಾತು ವಾಹನಕ್ಕೆ ಒಪ್ಪುವುದಿಲ್ಲ. ರಸ್ತೆಯನ್ನು ಹಿಡಿಯುವುದು ಟೈರಿನ ರಬ್ಬರು ಮತ್ತು ಅದನ್ನು ನೆಲಕ್ಕೆ ಒತ್ತಿ ಹಿಡಿಯುವ ಸ್ಪ್ರಿಂಗು. ಮೋಟಾರು ಸೈಕಲ್ಲಿನ ಪ್ರತಿಯೊಂದು ಚಕ್ರವೂ ನೆಲವನ್ನು ಮುಟ್ಟುವುದು ಅಂಗೈಯಗಲದ ಜಾಗದಲ್ಲಿ ಮಾತ್ರ. ಇಡೀ ಸಂಸಾರದ ಭವಿಷ್ಯ ಆ ಎರಡು ಅಂಗೈಗಳ ಮೇಲೆ ನಿಂತಿರುತ್ತದೆ.

ಪಾಂಡವಪುರದ ದಾರಿ

ಕಿರಂಗೂರಿನಲ್ಲಿ ಹೊರಳಿ ಪಾಂಡವಪುರದ ಕಡೆಗೆ ಹೊರಟರೆ ಎಲ್ಲೆಲ್ಲಿಯೂ ಕಬ್ಬು ಮತ್ತು ಬತ್ತ. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಅವರ ನೆರವಿಗೆ ಬಂದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರ ಬಾಯಲ್ಲಿ ಈ ಊರು ಫ್ರೆಂಚ್ ರಾಕ್ಸ್ ಆಗಿತ್ತು. ಹಳೆಯ ಕನ್ನಡದ ಹೆಸರು ಹಿರೋಡೆ. ಕುಂತಿಬೆಟ್ಟದ ಬಂಡೆಗಳು ದೂರದಿಂದಲೇ ದಾರಿ ತೋರಿಸುತ್ತವೆ.

ಇಲ್ಲಿ ಎರಡನೆಯ ಪರೀಕ್ಷೆ. ಕಬ್ಬು ಹೇರಿದ ಟ್ರ್ಯಾಕ್ಟರು ಎರಡು ಟ್ರೇಲರುಗಳನ್ನು ಎಳೆದುಕೊಂಡು ನಿಧಾನವಾಗಿ ಹೋಗುತ್ತಿತ್ತು. ಅದರ ಹಿಂದೆ ಕಬ್ಬಿನ ಜಲ್ಲೆಗಳು ಹೊರಚಾಚಿ ಈಟಿಗಳಂತೆ ತೂಗಾಡುತ್ತಿದ್ದವು. ಅದನ್ನು ದಾಟಬೇಕಾದರೆ ಎದುರಿನ ರಸ್ತೆ ಖಾಲಿಯಿರಬೇಕು; ವಾಹನ ಕೇಳಿದೊಡನೆ ಓಡಬೇಕು. ಈ ಬಗೆಯ ಎಂಜಿನ್ನುಗಳ ಸ್ವಭಾವ ವಿಚಿತ್ರ. ನಿಧಾನಗತಿಯಲ್ಲಿ ಸಾಧು, ನಿಮಿಷಕ್ಕೆ ಏಳೂವರೆ ಸಾವಿರ ಸುತ್ತಿನ ಹತ್ತಿರ ಹೋದಾಗ ಕವಾಟಗಳನ್ನು ತೆರೆಯುವ ಕ್ರಮವೇ ಬದಲಾಗಿ, ಸದ್ದು ಏರಿ, ಬೇರೊಂದು ವಾಹನವನ್ನೇ ಹತ್ತಿದಂತಾಗುತ್ತದೆ. ಎರಡು ಗೇರು ಇಳಿಸಿದರೆ ಮಾತ್ರ ಅದು ಎಚ್ಚರಗೊಳ್ಳುವುದು. ಇಳಿಸದೆ ಆರನೆಯ ಗೇರಿನಲ್ಲಿಯೇ ಹಿಡಿಯನ್ನು ತಿರುವಿದವನು ಟ್ರ್ಯಾಕ್ಟರಿನ ಪಕ್ಕದಲ್ಲಿಯೇ ಉಳಿದುಬಿಡುತ್ತಾನೆ; ಎದುರಿನಿಂದ ಬಸ್ಸು ಬರುತ್ತದೆ. ಯಂತ್ರದ ಸ್ವಭಾವವನ್ನು ತಿಳಿಯದೆ ಅದರ ಬಲವನ್ನು ನಂಬಬಾರದೆಂಬುದು ಇಲ್ಲಿನ ಪಾಠ.

ಇನ್ನೊಂದು ಅಪಾಯವನ್ನು ಈ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಈ ಸೀಮೆಗೆ ಅನ್ನ ಕೊಟ್ಟಿದೆ. ಆದರೆ ನಾಲೆಯ ಮಗ್ಗುಲಲ್ಲಿ ಸಾಗುವ ರಸ್ತೆಗಳಲ್ಲಿ ತಡೆಗೋಡೆಯಿಲ್ಲದ ಕಡೆ ಒಂದು ಕ್ಷಣದ ಅಜಾಗ್ರತೆಗೆ ಕ್ಷಮೆಯಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ಈ ನಾಲೆಗೆ ಉರುಳಿ 30 ಮಂದಿ ನೀರುಪಾಲಾದರು. ಗದ್ದೆಯ ಕೆಲಸದ ಕಾಲದಲ್ಲಿ ಟ್ರ್ಯಾಕ್ಟರಿನ ಚಕ್ರಗಳು ಹೊತ್ತು ತರುವ ಕೆಸರು ಟಾರಿನ ಮೇಲೆ ತೆಳುವಾಗಿ ಹರಡಿ, ಇಬ್ಬನಿ ಬಿದ್ದಾಗ ಎಣ್ಣೆಯಂತೆ ಜಾರುತ್ತದೆ. ಇಂತಹ ಕಡೆ ವಾಹನವನ್ನು ಓರೆಮಾಡಬಾರದು, ಬ್ರೇಕನ್ನು ಥಟ್ಟನೆ ಹಿಡಿಯಬಾರದು. ದೂರದಿಂದಲೇ ವೇಗ ಇಳಿಸಿ ನೆಟ್ಟಗೆ ದಾಟಬೇಕು.

ನಿಲ್ಲುವ ಲೆಕ್ಕ

ಚಿನಕುರಳಿಯನ್ನು ದಾಟಿದ ಮೇಲೆ, ಹಿಂದೆ ಮುಂದೆ ಯಾರೂ ಇಲ್ಲದ ಒಂದು ನೇರವಾದ ಕಡೆ, ನಿಲ್ಲುವ ಪರೀಕ್ಷೆಯನ್ನು ಮಾಡಿದೆ. ರಸ್ತೆಯ ಬದಿಯಲ್ಲಿ ಸುಣ್ಣ ಬಳಿದ ಒಂದು ಕಲ್ಲನ್ನು ಗುರುತು ಮಾಡಿಕೊಂಡು, ಅದರ ಬಳಿ ಬಂದೊಡನೆ ಎರಡು ಬ್ರೇಕುಗಳನ್ನೂ ಹಿಡಿದು, ನಿಂತಲ್ಲಿಂದ ಹೆಜ್ಜೆಯಲ್ಲಿ ಅಳೆದೆ. ನಲವತ್ತರ ವೇಗದಲ್ಲಿ ಬಂದಾಗ ಹದಿನಾಲ್ಕು ಹೆಜ್ಜೆ. ಅರವತ್ತರಲ್ಲಿ ಮೂವತ್ತಕ್ಕೂ ಮೇಲೆ. ಎಂಬತ್ತರಲ್ಲಿ ಪರೀಕ್ಷಿಸುವ ಧೈರ್ಯಕ್ಕಿಂತ ಲೆಕ್ಕವೇ ಸಾಕೆನಿಸಿತು.

ಆ ಲೆಕ್ಕ ಪ್ರೌಢಶಾಲೆಯ ಭೌತಶಾಸ್ತ್ರದ್ದೇ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ಅದರ ಜೊತೆಗೆ, ಅಪಾಯವನ್ನು ಕಣ್ಣು ಕಂಡು ಕೈ ಬ್ರೇಕನ್ನು ಅಮುಕುವುದಕ್ಕೆ ಸುಮಾರು ಒಂದು ಸೆಕೆಂಡು ಬೇಕು. ಆ ಸೆಕೆಂಡಿನಲ್ಲಿ ವಾಹನ ಓಡುತ್ತಲೇ ಇರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ಸಾಧಾರಣ ಸವಾರನಿಗೆ, ನಲವತ್ತರ ವೇಗದಲ್ಲಿ ನಿಲ್ಲಲು ಒಟ್ಟು 21 ಮೀಟರು ಬೇಕು. ಅರವತ್ತರಲ್ಲಿ 40 ಮೀಟರು. ಎಂಬತ್ತರಲ್ಲಿ 63 ಮೀಟರು. ಮನೆಯ ಅಂಗಳದಲ್ಲಿ ಹಗ್ಗ ಹಿಡಿದು ಒಮ್ಮೆ ಇಪ್ಪತ್ತೊಂದು ಮೀಟರನ್ನು ಅಳೆದು ನೋಡಿ. ಹೆಚ್ಚಿನವರ ಅಂಗಳದಲ್ಲಿ ಅಷ್ಟು ಜಾಗವೇ ಇರುವುದಿಲ್ಲ!

ಇಲ್ಲಿಯೇ ಹೊಸ ವಾಹನದ ದೊಡ್ಡ ಗುಣ ಕಾಣುವುದು. ಹಳೆಯ ವಾಹನಗಳಲ್ಲಿ ಗಾಬರಿಯಿಂದ ಬ್ರೇಕನ್ನು ಅದುಮಿದರೆ ಚಕ್ರ ಕಟ್ಟಿಹೋಗಿ ವಾಹನ ಜಾರುತ್ತಿತ್ತು. ಮುಂದಿನ ಚಕ್ರ ಕಟ್ಟಿದರಂತೂ ಸವಾರ ನೆಲಕ್ಕೆ ಬಿದ್ದಂತೆಯೇ. ಎ.ಬಿ.ಎಸ್. ಎಂಬ ಏರ್ಪಾಟಿನಲ್ಲಿ ಚಕ್ರದ ಪಕ್ಕದ ಹಲ್ಲಿನ ಬಳೆಯೊಂದು ಅದರ ತಿರುಗುವಿಕೆಯನ್ನು ಎಣಿಸುತ್ತಿರುತ್ತದೆ. ಚಕ್ರ ನಿಂತುಬಿಡುವ ಸೂಚನೆ ಕಂಡೊಡನೆ ಬ್ರೇಕಿನ ಒತ್ತಡವನ್ನು ಸೆಕೆಂಡಿನಲ್ಲಿ ಹಲವು ಬಾರಿ ಬಿಟ್ಟು ಹಿಡಿಯುತ್ತದೆ. ಕೈಗೆ ಸಣ್ಣಗೆ ನಡುಗಿದಂತೆ ಅನುಭವವಾಗುತ್ತದೆ, ಹೆದರಿ ಬಿಡಬಾರದು. 125 ಸಿ.ಸಿ.ಗೆ ಮೀರಿದ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದಲೂ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದಲೂ ಇದು ಕಡ್ಡಾಯ. ಆದರೆ ಕೆಲವು ವಾಹನಗಳಲ್ಲಿ ಮುಂದಿನ ಚಕ್ರಕ್ಕೆ ಮಾತ್ರ, ಕೆಲವುಗಳಲ್ಲಿ ಎರಡಕ್ಕೂ ಇರುತ್ತದೆ. ಕೊಳ್ಳುವವರು ಇದನ್ನು ಬಾಯಿಬಿಟ್ಟು ಕೇಳಬೇಕು.

ಪೇಟೆಯ ಮೇಸ್ತ್ರಿ

ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಕುಪ್ಪೆ. ಊರಿಗೆ ಹತ್ತಿರದಲ್ಲಿಯೇ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವಿದೆ. 13ನೆಯ ಶತಮಾನದ ಹೊಯ್ಸಳ ಕೆಲಸ. ಅದರ ಅಧಿಷ್ಠಾನದ ಪಟ್ಟಿಕೆಗಳಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರ ಸಾಲು. ಕಲ್ಲಿನ ಕುದುರೆಗಳು ಎಷ್ಟೇ ಹಾರಿದರೂ ಲಗಾಮು ಸವಾರನ ಕೈಯಲ್ಲಿಯೇ ಇದೆ.

ಪೇಟೆಯಲ್ಲಿ ತಿಂಡಿ ಮುಗಿಸಿ, ಸರಪಣಿಯ ಬಿಗಿಯನ್ನು ನೋಡಿಸಲು ಒಂದು ಮೆಕ್ಯಾನಿಕ್ ಅಂಗಡಿಯಲ್ಲಿ ನಿಂತೆ. ಒಳಗೆ, ಎಂಜಿನ್ನು ಬಿಚ್ಚಿದ ಹಳೆಯ ಯೆಜ್ದಿಯೊಂದು ಸ್ಟ್ಯಾಂಡಿನ ಮೇಲಿತ್ತು. ಹಳೆಯ ಮೈಸೂರು ಸೀಮೆಯವರಿಗೆ ಇದು ಕೇವಲ ಯಂತ್ರವಲ್ಲ, ನೆಂಟಸ್ತಿಕೆ. 1929ರಲ್ಲಿ ಜೆಕ್ ದೇಶದಲ್ಲಿ ಹುಟ್ಟಿದ ಜಾವಾ, 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೂಲಕ ನಮ್ಮದಾಯಿತು. ಇರಾನಿ ಮನೆತನದವರು ಸ್ಥಾಪಿಸಿದ ಈ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಲ್ಲಿ ವಾಹನದ ಹೆಸರು ಯೆಜ್ದಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು ಬೇರೆ ಸಂಸ್ಥೆಯ ಮೂಲಕ 2018ರಲ್ಲಿ ಮತ್ತೆ ರಸ್ತೆಗೆ ಬಂದಿತಾದರೂ ಮೈಸೂರಿನ ಆ ಕಾರ್ಖಾನೆಯ ಸಿಳ್ಳು ಮತ್ತೆ ಕೇಳಲಿಲ್ಲ. ಸುಮಾರು 250 ಸಿ.ಸಿ.ಯ ಆ ವಾಹನಕ್ಕೆ ಎರಡು ಹೊಗೆಕೊಳವೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಕಿಕ್ಕು ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಿಸಿದರೆ ಗೇರು ಹಾಕುವ ಸನ್ನೆ. ಹಳ್ಳಿಗಳಲ್ಲಿ ಅದನ್ನು 'ಪಟಪಟಿ' ಎಂದರು. ಆ ವಾಹನಕ್ಕೂ ಹೊದಿಕೆಯಿರಲಿಲ್ಲವೆಂಬುದನ್ನು ಮರೆಯಬಾರದು. ನಮ್ಮ ತಂದೆಯವರ ಕಾಲದ ವಾಹನಗಳೆಲ್ಲವೂ ನೇಕೆಡ್ಡೇ. ಹೆಸರು ಮಾತ್ರ ಹೊಸದು.

ಅರವತ್ತು ದಾಟಿದ ಮೇಸ್ತ್ರಿ ಸರಪಣಿಯನ್ನು ಬಿಗಿಮಾಡುತ್ತ ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: "ಆವಾಗ ಗಾಡಿ ಕೆಟ್ರೆ ಕಿವೀಲೇ ಕಂಡ್ಹಿಡೀತಿದ್ದೋ ಸಾರ್. ಈಗ ಕಂಪ್ಯೂಟ್ರು ಹೇಳ್ತದೆ. ಆದ್ರೆ ಬ್ರೇಕ್ ಪ್ಯಾಡು ಸವ್ದದೆ ಅಂದ್ರೆ ಹುಡುಗ್ರು ಬರೋ ವಾರ ಹಾಕ್ಸಾನ ಅಂತಾರೆ. ಸೈಲೆನ್ಸರ್ ಬದ್ಲಾಯ್ಸೋಕೆ ಮಾತ್ರ ಇವತ್ತೇ ಬತ್ತಾರೆ."

ಪ್ರಾಧ್ಯಾಪಕರ ಭಾಷಣಗಳು ಮುಟ್ಟಲಾರದ ಕಡೆಗೆ ಈ ಮಾತು ಮುಟ್ಟಬಲ್ಲದು.

ರಸ್ತೆಯೇ ಕಣ

ಕೃಷ್ಣರಾಜಪೇಟೆಯಿಂದ ನಾಗಮಂಗಲಕ್ಕೆ ಹೋಗುವ ದಾರಿಯಲ್ಲಿ ನೀರಾವರಿಯ ಹಸಿರು ಕಡಿಮೆಯಾಗಿ ತೆಂಗು, ರಾಗಿ, ಹುರುಳಿಯ ಹೊಲಗಳು ಮೊದಲಾಗುತ್ತವೆ. ಮೂರನೆಯ ಪರೀಕ್ಷೆ ಇಲ್ಲಿತ್ತು. ಒಂದು ತಿರುವನ್ನು ದಾಟುತ್ತಲೇ ರಸ್ತೆಯ ಅರ್ಧಕ್ಕೆ ಮೊಣಕಾಲೆತ್ತರ ಹುರುಳಿ ಸೊಪ್ಪು ಹಾಸಿತ್ತು. ಹಾಯುವ ವಾಹನಗಳ ಚಕ್ರಗಳೇ ಅದನ್ನು ಒಕ್ಕಬೇಕು. ನಲವತ್ತರಲ್ಲಿದ್ದುದರಿಂದ ನಿಲ್ಲಿಸಿ ಇಳಿಯಲು ಬೇಕಾದಷ್ಟು ಜಾಗ ಉಳಿಯಿತು. ಮೊರ ಹಿಡಿದಿದ್ದ ಹಿರಿಯ ಹೆಂಗಸು, "ಪಕ್ಕದಲ್ಲಿ ತಳ್ಕೊಂಡು ಬನ್ನಿ ಸ್ವಾಮಿ, ಸೊಪ್ಪು ಚಕ್ರಕ್ಕೆ ಸುತ್ಕತದೆ" ಎಂದಳು. ರಸ್ತೆಯ ಮೇಲೆ ಹಾಕಬಹುದೇ ಅಮ್ಮಾ ಎಂದು ಕೇಳಿದೆ. "ಕಣ ಮಾಡಕ್ಕೆ ಜಾಗ ಎಲ್ಲದೆ, ಆಳು ಎಲ್ಲವ್ರೆ? ನಮ್ಮುಡುಗ್ನೂ ಇಂಥದ್ರಲ್ಲೇ ಬತ್ತಾನೆ ಬೆಂಗ್ಳೂರಿಂದ, ನಂಗೂ ಭಯನೇಯ" ಎಂದು ಸೊಪ್ಪನ್ನು ಸ್ವಲ್ಪ ಬದಿಗೆ ಸರಿಸಿದಳು.

ಅವಳ ಮೇಲೆ ಕೋಪಿಸಿಕೊಳ್ಳುವುದು ಸುಲಭ. ಆದರೆ ಸಗಣಿ ಸಾರಿಸಿ ಕಣ ಮಾಡಿ, ರೋಣಗಲ್ಲು ಎಳೆಯಲು ಎತ್ತೂ ಇಲ್ಲ, ಆಳೂ ಇಲ್ಲದ ಮನೆಗಳು ಇಂದು ಎಷ್ಟೋ. ಹಳ್ಳಿಗೊಂದು ಒಕ್ಕಣೆ ಕಣವನ್ನು ಕಾಂಕ್ರೀಟಿನಲ್ಲಿ ಕಟ್ಟಿಕೊಟ್ಟರೆ ಎಷ್ಟೋ ಮೂಳೆಗಳು ಉಳಿದಾವು. ಅಲ್ಲಿಯವರೆಗೆ ಸವಾರನಿಗೆ ತಿಳಿದಿರಬೇಕಾದದ್ದು ಇಷ್ಟು: ಹುಲ್ಲಿನ ಮೇಲೆ ಟೈರಿಗೆ ರಸ್ತೆಯೇ ಸಿಗುವುದಿಲ್ಲ. ಎ.ಬಿ.ಎಸ್. ಇದ್ದರೂ ಪ್ರಯೋಜನ ಸ್ವಲ್ಪ; ಇಲ್ಲದ ಹಿಡಿತವನ್ನು ಯಾವ ಯಂತ್ರವೂ ಹುಟ್ಟಿಸಲಾರದು. ಹಗುರವಾದ ವಾಹನ ಇಲ್ಲಿ ಎರಡು ಬಗೆಯಲ್ಲಿ ವರ್ತಿಸುತ್ತದೆ. ಇಳಿದು ತಳ್ಳುವವನಿಗೆ ಹಗುರ. ಓಡಿಸಿಕೊಂಡು ನುಗ್ಗುವವನಿಗೆ ಗಾಳಿಪಟ.

ತಾಯಿಯ ತೀರ್ಪು

ನಾಗಮಂಗಲದಲ್ಲಿ ಸೌಮ್ಯಕೇಶವನ ಎತ್ತರದ ಗೋಪುರವನ್ನು ದಾಟಿ, ನನ್ನ ವಿದ್ಯಾರ್ಥಿಯ ಮನೆಯನ್ನು ಹುಡುಕಿದೆ. ತಾಯಿಗೆ ಕೊಡಿರೆಂದು ಅವನು ಒಂದು ತಿಂಗಳ ಮಾತ್ರೆಗಳ ಪೊಟ್ಟಣವನ್ನು ಕೊಟ್ಟಿದ್ದ. ಈ ವಾಹನದಲ್ಲಿ ಒಂದು ಪೊಟ್ಟಣವನ್ನು ಇಡಲೂ ಸ್ಥಳವಿಲ್ಲ. ಬೆನ್ನಿನ ಚೀಲದಲ್ಲಿಯೇ ಬಂದಿತ್ತು. ಸಂಸಾರಸ್ಥರು ಇದನ್ನು ಗಮನಿಸಬೇಕು. ತರಕಾರಿ ಚೀಲಕ್ಕೂ ಅಕ್ಕಿ ಮೂಟೆಗೂ ಇದು ವಾಹನವಲ್ಲ.

ತಾಯಿ ಕಾಫಿ ಕೊಟ್ಟು ಹೊರಗೆ ಬಂದು ವಾಹನವನ್ನು ಸುತ್ತ ನೋಡಿದರು. "ಮೇಷ್ಟ್ರೇ, ಇದು ಒಬ್ಬಂಟಿಗರ ಗಾಡಿ. ಸೀರೆ ಉಟ್ಟೋರು ಕೂತ್ಕೊಳ್ಳಕ್ಕಾಯ್ತದಾ?" ಎಂದರು. ಅವರ ತೀರ್ಪು ಸರಿಯಾಗಿಯೇ ಇತ್ತು. ಹಿಂದಿನ ಆಸನ ಮುಂದಿನದಕ್ಕಿಂತ ಎತ್ತರ, ಅಗಲ ಒಂದು ಮಣೆಗಿಂತ ಕಡಿಮೆ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲೂರುವ ಮೆಟ್ಟು, ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ಸೀರೆಯ ತಡೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ಅಂದಕ್ಕೆ ಕುಂದೆಂದು ಅದನ್ನು ಕಳಚಿ ಎಸೆಯುವ ಹುಡುಗರು ಅನೇಕ. ಆ ತಂತಿಯ ಬಲೆಯಿಲ್ಲದೆ ಸೆರಗು ಚಕ್ರಕ್ಕೆ ಸಿಕ್ಕಿದರೆ ಏನಾಗುವುದೆಂಬುದನ್ನು ಬರೆಯಬೇಕಾಗಿಲ್ಲ.

ಅವನ ತಮ್ಮನನ್ನು ಹೆಲ್ಮೆಟ್ ಹಾಕಿಸಿ ಹಿಂದೆ ಕೂರಿಸಿಕೊಂಡು ಬೆಳ್ಳೂರಿನ ಕಡೆಗೆ ಸ್ವಲ್ಪ ದೂರ ಹೋಗಿಬಂದೆ. ಅರವತ್ತು ಕಿಲೋಗ್ರಾಮಿನ ಹುಡುಗ ಏರಿದೊಡನೆ ವಾಹನದ ತೂಕಕ್ಕೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಸೇರಿದಂತಾಯಿತು, ಅದೂ ಹಿಂಬದಿಯಲ್ಲಿ ಎತ್ತರದಲ್ಲಿ. ಮುಂದಿನ ಚಕ್ರ ಹಗುರವಾಯಿತು. ತಿರುವುಗಳಲ್ಲಿ ಹಿಡಿ ಸಡಿಲವಾದಂತೆ ಅನ್ನಿಸಿತು. ಬ್ರೇಕು ಹಿಡಿದಾಗ ಹುಡುಗ ನನ್ನ ಬೆನ್ನಿನ ಮೇಲೆ ಬಂದ. ಭಾರವಾದ ವಾಹನದಲ್ಲಿ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು. ಹಗುರ ವಾಹನವನ್ನು ಒಬ್ಬನೇ ಓಡಿಸಿ ಕಲಿತವನು ಇಬ್ಬರಿರುವಾಗ ಮತ್ತೊಮ್ಮೆ ಕಲಿಯಬೇಕು. ಮೂವರನ್ನು ಕೂರಿಸುವ ಮಾತನ್ನು ಆಡಲೇಬಾರದು.

ಹೊರಡುವಾಗ ಆ ತಾಯಿ ಹೇಳಿದರು: "ಶನಿವಾರ ರಾತ್ರಿ ಅವನು ಬರೋ ಹೊತ್ತಿಗೆ ನಾನು ಮಲಗಲ್ಲ ಮೇಷ್ಟ್ರೇ. ಗಾಡಿ ಸದ್ದು ಬೀದಿಗೆ ಬಂದ ಮೇಲೇನೇ ನನಗೆ ಊಟ." ಕಂಪನಿಯವರು ಅಚ್ಚುಹಾಕಿಸುವ ವಿವರಪತ್ರಗಳಲ್ಲಿ ಅಶ್ವಶಕ್ತಿಯ ಲೆಕ್ಕವಿರುತ್ತದೆ, ಈ ಊಟದ ಲೆಕ್ಕವಿರುವುದಿಲ್ಲ.

ಗಾಳಿ ಕೊಡುವ ಎಚ್ಚರಿಕೆ

ಹಿಂದಿರುಗುವ ದಾರಿ ಜಕ್ಕನಹಳ್ಳಿಯ ಮೇಲೆ ಪಾಂಡವಪುರಕ್ಕೆ. ಇದು ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ. ರಸ್ತೆ ಚೆನ್ನಾಗಿದೆ, ಚೆನ್ನಾಗಿರುವುದೇ ಆಸೆ ಹುಟ್ಟಿಸುತ್ತದೆ. ಸ್ವಲ್ಪ ಹೊತ್ತು ಎಂಬತ್ತರಲ್ಲಿ ಹೋದೆ. ಎಂಜಿನ್ನಿಗೆ ಆಯಾಸವಿಲ್ಲ, ಆಯಾಸವಾದದ್ದು ಸವಾರನಿಗೆ. ಹೊದಿಕೆಯಿಲ್ಲದ ವಾಹನದಲ್ಲಿ ಗಾಳಿ ನೇರವಾಗಿ ಎದೆಗೆ ಗುದ್ದುತ್ತದೆ, ಕತ್ತನ್ನು ಹಿಂದಕ್ಕೆ ಎಳೆಯುತ್ತದೆ. ತರುಣರು ಇದನ್ನು ದೋಷವೆನ್ನುತ್ತಾರೆ. ನನಗೆ ಇದು ಈ ವಾಹನದ ಅತ್ಯುತ್ತಮ ಗುಣವೆಂದು ತೋರಿತು. ಮುಚ್ಚಿದ ವಾಹನದಲ್ಲಿ ವೇಗ ಒಂದು ಅಂಕಿ ಮಾತ್ರ. ಇಲ್ಲಿ ವೇಗ ಮೈಗೆ ತಟ್ಟುತ್ತದೆ. ಸಾಕು ಎಂದು ಗಾಳಿಯೇ ಹೇಳುತ್ತದೆ. ಕೇಳುವ ಕಿವಿ ಬೇಕು.

ಜಕ್ಕನಹಳ್ಳಿ ದಾಟುವಾಗ ಕತ್ತಲೆ ಕವಿಯಿತು. ದೀಪದ ಬೆಳಕು ಬೆಳ್ಳಗೆ, ಸ್ಪಷ್ಟವಾಗಿತ್ತು. ಆದರೂ ಹಿಂದೀಪವಿಲ್ಲದ ಒಂದು ಕಬ್ಬಿನ ಟ್ರೇಲರು ರಸ್ತೆಯ ಬದಿಯಲ್ಲಿ ನಿಂತದ್ದು ನಲವತ್ತು ಮೀಟರಿನ ಅಂತರದಲ್ಲಿ ಮಾತ್ರ ಕಂಡಿತು. ಮೇಲಿನ ಲೆಕ್ಕವನ್ನು ಈಗ ನೆನೆಯಿರಿ. ಐವತ್ತರ ವೇಗದವನು ಜಾಗ ಉಳಿಸಿಕೊಂಡು ನಿಲ್ಲುತ್ತಾನೆ. ಅರವತ್ತರವನು ಟ್ರೇಲರನ್ನು ಮುಟ್ಟಿ ನಿಲ್ಲುತ್ತಾನೆ. ಎಂಬತ್ತರವನು ನಿಲ್ಲುವುದೇ ಇಲ್ಲ. ರಾತ್ರಿಯ ಸವಾರಿಗೆ ಒಂದೇ ಸೂತ್ರ: ದೀಪ ತೋರಿಸುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗಕ್ಕಿಂತ ಹೆಚ್ಚು ವೇಗ ಬೇಡ.

ಪೋಷಕರಿಗೆ

ಇಡೀ ಸುತ್ತಿನಲ್ಲಿ ಲೀಟರಿಗೆ 45 ಕಿಲೋಮೀಟರಿನ ಆಸುಪಾಸು ಸಿಕ್ಕಿತು. ಸೊಂಟ ಸ್ವಲ್ಪ ನೊಂದಿತು. ಅಂಕ ಕೊಡುವುದಾದರೆ, ನಿಲ್ಲುವುದರಲ್ಲಿಯೂ ತಿರುಗುವುದರಲ್ಲಿಯೂ ಪ್ರಥಮ ದರ್ಜೆ. ಸಂಸಾರದ ಉಪಯೋಗಕ್ಕೆ ತೃತೀಯ ದರ್ಜೆ. ಒಬ್ಬನೇ ಓಡಾಡುವ, ಹದಿನೆಂಟು ತುಂಬಿದ, ಪರವಾನಗಿ ಪಡೆದ ಮಗನಿಗಾಗಲಿ ಮಗಳಿಗಾಗಲಿ ಇದನ್ನು ಕೊಡಿಸಬಾರದೆಂದು ನಾನು ಹೇಳಲಾರೆ. ಹದಿನೆಂಟು ತುಂಬದವರ ಕೈಗೆ ಕೊಟ್ಟರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ.

ಕೊಡಿಸುವ ದಿನ ವಾಹನದ ಜೊತೆಗೆ ಎರಡು ಹೆಲ್ಮೆಟ್ ಕೊಳ್ಳಿ. ಹಿಂದೆ ಕೂರುವವರಿಗೂ ಕರ್ನಾಟಕದಲ್ಲಿ 2016ರ ಜನವರಿಯಿಂದ ಅದು ಕಡ್ಡಾಯ. ಐ.ಎಸ್.ಐ. ಮುದ್ರೆ, ಅದರೊಡನೆ 4151 ಎಂಬ ಸಂಖ್ಯೆ ಇದೆಯೇ ನೋಡಿ. ರಸ್ತೆಬದಿಯ ಟೋಪಿಗಳು ತಲೆಯನ್ನು ಪೊಲೀಸರಿಂದ ಕಾಪಾಡಬಹುದು, ಕಲ್ಲಿನಿಂದ ಕಾಪಾಡಲಾರವು. ಒಳ್ಳೆಯ ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ 42ರಷ್ಟು, ತಲೆಯ ಪೆಟ್ಟಿನ ಸಂಭವವನ್ನು ನೂರಕ್ಕೆ 69ರಷ್ಟು ತಗ್ಗಿಸುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ತಜ್ಞರು ತೋರಿಸಿದ್ದಾರೆ. ಬಕಲನ್ನು ಬಿಗಿದರೆ ಮಾತ್ರ ಈ ಫಲ.

ಕೊನೆಯದಾಗಿ, ವಾಹನ ಮನೆಗೆ ಬಂದ ಮೊದಲ ಭಾನುವಾರ ಪೂಜೆ ಮಾಡಿಸಿ ನಿಂಬೆಹಣ್ಣನ್ನು ಚಕ್ರಕ್ಕೆ ಕೊಟ್ಟ ಮೇಲೆ, ಮಗನನ್ನು ಊರ ಹೊರಗಿನ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ. ನಲವತ್ತರ ವೇಗದಲ್ಲಿ ಬಂದು, ನೀವು ಕೈಯೆತ್ತಿದೊಡನೆ ನಿಲ್ಲಿಸಲಿ. ನಿಂತ ದೂರವನ್ನು ಅವನೇ ಹೆಜ್ಜೆ ಹಾಕಿ ಎಣಿಸಲಿ. ಹತ್ತು ಸಲ ಮಾಡಿಸಿ. ಇದಕ್ಕೆ ತಗಲುವ ವೆಚ್ಚ ಅರ್ಧ ಲೀಟರು ಪೆಟ್ರೋಲು.